ಬೀಗ ಹಾಕದ ಬೇಸಿಗೆ

ಈಗಷ್ಟೇ ಹಬೆಪಾತ್ರೆಯ ಮುಚ್ಚಳ ತೆಗೆದೆ. ಬಲಿತ ಹಲಸಿನ ಸೊಳೆ ಬೆಂದ ವಾಸನೆ ಅಡುಗೆಮನೆಯಿಂದ ಚಾವಡಿಗೆ ಬಂದು, ಅಲ್ಲಿಂದ ಅಂಗಳಕ್ಕಿಳಿದು, ಪಕ್ಕದ ಮನೆಯ ಗಿರಿಜಕ್ಕನ ಬೆಕ್ಕಿನವರೆಗೂ ಹೋಗಿರಬೇಕು. ಅದು ಬಂದು ಗೋಡೆಯ ಮೇಲೆ ಕೂತಿದೆ. ಇದು ಬಾಯಲ್ಲಿ ನೀರೂರಿಸುವ ವಾಸನೆಯೇನಲ್ಲ. ಒದ್ದೆ ಹುಲ್ಲಿಗೂ ಬೆಂದ ಗೆಣಸಿಗೂ ನಡುವಿನದು. ಆದರೆ ಮೂಗಿಗೆ ಬಡಿದರೆ ಸಾಕು, ನನಗೆ ಆ ಒಂದು ಬೇಸಿಗೆ ನೆನಪಾಗುತ್ತದೆ. ನನ್ನ ಹೆಂಡತಿ ಲಿಲ್ಲಿ ಇಸ್ರೇಲಿಗೆ ಹೋದ ವರ್ಷದ ಬೇಸಿಗೆ. ಅಲೆವೂರಿನ ಈ ಮನೆಯಲ್ಲಿ ನಾನೊಬ್ಬನೇ ಇದ್ದ ಮೊದಲ ಬೇಸಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯೊಳಗೆ ನಾವು ಆಡುವುದು ಕೊಂಕಣಿ. ಬೇಲಿ ದಾಟಿ ಗಿರಿಜಕ್ಕನ ಜೊತೆ ಆಡುವುದು ತುಳು. ಬರೆಯಲು ಬರುವುದು ಮಾತ್ರ ಕನ್ನಡ. ಹಾಗಾಗಿ ಇಲ್ಲಿ ಎಲ್ಲರನ್ನೂ ಕನ್ನಡದಲ್ಲೇ ಮಾತಾಡಿಸುತ್ತಿದ್ದೇನೆ, ಅವರು ಕ್ಷಮಿಸಬೇಕು.

ನಾನು ಬಸ್ಸಿನ ಡ್ರೈವರ್ ಆಗಿದ್ದವನು. ಉಡುಪಿಯಿಂದ ಹೊರಟು, ಬೆಳ್ಮಣ್ ಹಾದು ಕಾರ್ಕಳಕ್ಕೆ ಹೋಗುವ ಸರ್ವಿಸ್ ಬಸ್ಸು. ಕ್ಲಚ್ಚು ತುಳಿದೂ ತುಳಿದೂ ಎಡಗಾಲಿನ ಮಂಡಿ ಕೈಕೊಟ್ಟಿತು. ಡಾಕ್ಟರು ಇನ್ನು ಸಾಕು ಎಂದರು, ಬಸ್ಸಿನ ಯಜಮಾನರೂ ಅದನ್ನೇ ಸ್ವಲ್ಪ ಮೆತ್ತಗೆ ಹೇಳಿದರು. ಲಿಲ್ಲಿ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ರೋಗಿಯನ್ನು ಎಬ್ಬಿಸಿ ಕೂರಿಸುವುದು, ಮೈ ಒರೆಸುವುದು, ಬೈಗುಳ ಕೇಳಿಸಿಕೊಂಡು ನಗುವುದು, ಎಲ್ಲ ಗೊತ್ತಿತ್ತು. ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಕಡೆಯ ಎಷ್ಟೋ ಹೆಂಗಸರು ಆಗಲೇ ಇಸ್ರೇಲಿನಲ್ಲಿ ಮುದುಕ ಮುದುಕಿಯರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಲಿಲ್ಲಿಯೂ ಹೊರಟಳು. ಮಗಳು ಮದುವೆಯಾಗಿ ಗೋವಾ ಸೇರಿದ್ದಳು. ಉಳಿದವನು ನಾನು.

ಹೊರಡುವ ದಿನ ಲಿಲ್ಲಿ ಅಳಲಿಲ್ಲ. ಅಕ್ಕಿ ಡಬ್ಬ ಎಲ್ಲಿ, ಉಪ್ಪಿನಕಾಯಿಯ ಭರಣಿಗೆ ಯಾವ ಸೌಟು, ಹಾಲಿನವನಿಗೆ ಯಾವ ಪಾತ್ರೆ ಎಂದು ಬಡಬಡ ಹೇಳುತ್ತಲೇ ಇದ್ದಳು. ಕಾರಿನ ಬಾಗಿಲು ಹಾಕುವ ಮೊದಲು ಮಾತ್ರ ಹಿಂದಿರುಗಿ ಮನೆಯನ್ನು ನೋಡಿ ಹೇಳಿದಳು: "ಮನೆಗೆ ಬೀಗ ಹಾಕ್ಬೇಡಿ, ಆಯ್ತಾ? ಅಲ್ಲಿ ನಾನು ಕಣ್ಣು ಮುಚ್ಚಿದ್ರೆ ಈ ಬಾಗಿಲು ತೆರೆದೇ ಕಾಣ್ಬೇಕು ನನಗೆ."

"ನಾನೆಲ್ಲಿಗೆ ಹೋಗ್ಲಿಕ್ಕುಂಟು ಮಾರಾಯ್ತಿ," ಎಂದೆ. ಹೇಳುವಾಗ ಸುಲಭವಿತ್ತು.

ಡ್ರೈವರನ ಬೆನ್ನ ಹಿಂದೆ ಯಾವಾಗಲೂ ಗಲಾಟೆ ಇರುತ್ತದೆ. ಶಾಲೆಯ ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರು, ಚಿಲ್ಲರೆಗೆ ಜಗಳ, ಕಂಡಕ್ಟರನ ಸೀಟಿ. ನಾನು ತಿರುಗಿ ನೋಡಿದವನಲ್ಲ, ಆದರೆ ಆ ಸದ್ದಿಗೆ ಬೆನ್ನು ಕೊಟ್ಟೇ ಬದುಕಿದವನು. ಮನೆಗೆ ಬಂದರೆ ಲಿಲ್ಲಿಯ ಪಾತ್ರೆಗಳ ಸದ್ದು. ಈಗ ಮನೆಯಲ್ಲಿ ಕೇಳುವ ಸದ್ದೆಲ್ಲ ನಾನೇ ಮಾಡಿದ್ದು. ಬೆಳಿಗ್ಗೆ ಚಾ ಕುಡಿದು ಕಿಟಕಿಯಲ್ಲಿಟ್ಟ ಲೋಟ ಸಂಜೆಗೂ ಅಲ್ಲೇ ಇರುತ್ತಿತ್ತು. ಇದು ದೊಡ್ಡ ಸಂಗತಿಯಲ್ಲ, ನಿಜ. ಆದರೆ ಆ ಲೋಟವನ್ನು ನೋಡಿ ನನಗೆ ಒಂದು ದಿನ ಎಷ್ಟು ಸಿಟ್ಟು ಬಂತೆಂದರೆ ಅಂಗಳಕ್ಕೆ ಎಸೆದುಬಿಟ್ಟೆ. ಆಮೇಲೆ ನಾನೇ ಹೋಗಿ ಹೆಕ್ಕಿಕೊಂಡು ಬಂದೆ. ನೆಗ್ಗಿತ್ತು.

ಇಗರ್ಜಿಯ ಅಂಗಳದಲ್ಲಿ ತಮಾಷೆ ಬೇರೆ. "ಎಂತ ಲಾರೆನ್ಸಣ್ಣ, ಈಗ ಮನೆಯ ಯಜಮಾನತಿ ನೀವೇಯಾ? ಇವತ್ತು ಎಂತ ಪದಾರ್ಥ?" ಎಂದು ಕೇಳುವರು. ನಾನೂ ನಗುತ್ತಿದ್ದೆ. ಮನೆಗೆ ಬರುವ ದಾರಿಯಲ್ಲಿ ನಗು ಎಲ್ಲೋ ಇಳಿದುಹೋಗಿರುತ್ತಿತ್ತು.

ಈಸ್ಟರ್ ಹಬ್ಬ ಕಳೆದ ವಾರ ಬೆಳ್ಮಣ್ಣಿನಿಂದ ನನ್ನ ಅಕ್ಕ ಸೆವ್ರಿನ್ ಬಂದಳು. ಅಕ್ಕ ಎಂದರೆ ತಾಯಿ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು. ಈಗಲೂ ನನ್ನ ತಲೆಗೂದಲು ಹಿಡಿದು ಬೆನ್ನಿಗೆ ಗುದ್ದುವ ಹಕ್ಕು ತನಗಿದೆ ಎಂದು ನಂಬಿದವಳು. ಅಡುಗೆಮನೆಯನ್ನು ನೋಡಿದಳು. ಸುಟ್ಟ ಗಂಜಿಯ ಪಾತ್ರೆ ನೋಡಿದಳು. ನನ್ನ ಅಂಗಿಯ ಕಾಲರು ನೋಡಿದಳು. ಆಮೇಲೆ ಚೀಲದಿಂದ ಒಂದು ದೊಡ್ಡ ಹಿತ್ತಾಳೆ ಬೀಗ ತೆಗೆದು ಕಿಟಕಿಯ ದಂಡೆಯ ಮೇಲಿಟ್ಟಳು. ಕಾರ್ಕಳದ ಪೇಟೆಯಿಂದ ಹೊಸದಾಗಿ ತಂದದ್ದು, ಕೀಲಿಕೈ ಇನ್ನೂ ಅದಕ್ಕೇ ದಾರದಲ್ಲಿ ಕಟ್ಟಿತ್ತು.

"ಇದೆಂತಕ್ಕೆ?" ಎಂದೆ.

"ಬಾಗಿಲಿಗೆ. ನಿನ್ನ ಬಟ್ಟೆ ಕಟ್ಟು, ಬೆಳ್ಮಣ್ಣಿಗೆ ಬಾ. ನಮ್ಮಲ್ಲಿ ಕೋಣೆ ಖಾಲಿ ಉಂಟು. ಒಬ್ಬನೇ ಇಲ್ಲಿ ಕೂತು ಎಂತ ಮಾಡ್ತೀ?"

"ಬೀಗ ಹಾಕ್ಬಾರ್ದು ಅಂತ ಲಿಲ್ಲಿ ಹೇಳಿದ್ದಾಳೆ."

"ಲಿಲ್ಲಿ ಹೇಳ್ತಾಳೆ. ಅವಳು ಬಂದು ನಿನ್ನ ಪಾತ್ರೆ ತಿಕ್ತಾಳಾ?" ನನ್ನ ಮುಖದಲ್ಲಿ ಏನು ಕಂಡಿತೋ, ಅಕ್ಕ ಧ್ವನಿ ತಗ್ಗಿಸಿದಳು. "ಆಯ್ತು. ಮಳೆ ಹಿಡಿಯುವವರೆಗೆ ನೋಡ್ತೇನೆ. ಮಳೆ ಬರುವಾಗ ನೀನು ಸರಿಯಾಗಿದ್ರೆ ಇರು. ಇಲ್ಲದಿದ್ರೆ ನಾನೇ ಬಂದು ಬೀಗ ಹಾಕಿ ಕರ್ಕೊಂಡು ಹೋಗ್ತೇನೆ. ಮಳೆಗಾಲದಲ್ಲಿ ಮಂಡಿ ನೋವಿನವನನ್ನು ಒಬ್ಬನೇ ಬಿಡ್ಲಿಕ್ಕೆ ನನಗೆ ಆಗುದಿಲ್ಲ."

ಬೀಗ ಕಿಟಕಿಯಲ್ಲೇ ಉಳಿಯಿತು. ಬಿಸಿಲು ಬಿದ್ದಾಗ ಹೊಳೆಯುತ್ತಿತ್ತು. ಆ ಬೇಸಿಗೆಯಲ್ಲಿ ನನ್ನ ಮನೆಯಲ್ಲಿ ಹೊಳೆಯುತ್ತಿದ್ದ ಒಂದೇ ವಸ್ತು ಅದು.

ಮಳೆಯವರೆಗೆ ನಿಲ್ಲಬೇಕು. ಇಷ್ಟೇ ನನ್ನ ಮುಂದಿದ್ದದ್ದು. ಯುದ್ಧವೂ ಅಲ್ಲ, ಪರೀಕ್ಷೆಯೂ ಅಲ್ಲ. ಆದರೆ ಮನೆಯೊಳಗೆ ಒಬ್ಬನೇ ನಿಂತವನಿಗೆ ಗಂಜಿ ಕೂಡ ಪರೀಕ್ಷೆಯೇ. ಕುಚ್ಚಲಕ್ಕಿ ಬೇಯಲು ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ನಮ್ಮ ಅವಸರ ಅದಕ್ಕೆ ಬೇಡ. ಇದು ತಿಳಿಯುವಷ್ಟರಲ್ಲಿ ನಾಲ್ಕಾರು ಬಾರಿ ಪಾತ್ರೆಯ ತಳ ಕರಟಿತು. ಕೊನೆಗೊಂದು ದಿನ ಅನ್ನದ ಅಗುಳು ಒಡೆಯದೆ, ತಿಳಿ ಮೇಲೆ ನಿಂತು, ಸರಿಯಾದ ಗಂಜಿ ಆಯಿತು. ಜೊತೆಗೆ ಕೆಂಡದಲ್ಲಿ ಸುಟ್ಟ ಒಣ ಮೀನು, ಮೇಲೆ ಎರಡು ತೊಟ್ಟು ತೆಂಗಿನೆಣ್ಣೆ, ಮಾವಿನ ಮಿಡಿ. ಊಟ ಮಾಡಿ, ಕೈ ತೊಳೆದು, ಚಾವಡಿಯ ತಣ್ಣಗಿನ ಕೆಂಪು ನೆಲದ ಮೇಲೆ ಬರೀ ಬೆನ್ನಿನಲ್ಲಿ ಮಲಗಿದೆ. ಸಿಮೆಂಟಿನ ತಂಪು ಬೆನ್ನಿಗೆ ಹತ್ತುತ್ತಿರುವಾಗ, ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ಬೆಕ್ಕು ಮಾತ್ರ ಇತ್ತು. ಅದಕ್ಕೇ ಹೇಳಿದೆ.

ಮಧ್ಯಾಹ್ನ ಬಾವಿಕಟ್ಟೆಯಲ್ಲಿ ಕೊಡಕೊಡ ನೀರು ಸೇದಿ ತಲೆಗೆ ಸುರಿದುಕೊಳ್ಳುವ ಸುಖ ನನಗೆ ಹೊಸದು. ಡ್ರೈವರಿಗೆ ಮಧ್ಯಾಹ್ನ ಎಂಬುದು ಇರುವುದಿಲ್ಲ; ಬಾನೆಟ್ಟಿನ ಬಿಸಿಯಲ್ಲಿ ಬೇಯುವುದೇ ಅವನ ಮಧ್ಯಾಹ್ನ. ಬಾವಿಯ ರಾಟೆ ಕಿರ್ ಕಿರ್ ಎನ್ನುತ್ತಿತ್ತು. ಅದಕ್ಕೆ ಗ್ರೀಸ್ ಹಾಕಿ ಎಂದು ಲಿಲ್ಲಿ ವರ್ಷಗಟ್ಟಲೆ ಹೇಳಿದ್ದಳು, ನಾನು ನಾಳೆ ನಾಳೆ ಎಂದಿದ್ದೆ. ಆ ಬೇಸಿಗೆ ಹಾಕಿದೆ. ರಾಟೆ ಬೆಣ್ಣೆಯ ಹಾಗೆ ತಿರುಗಿತು, ಒಂದಿಷ್ಟೂ ಸದ್ದಿಲ್ಲ. ಗೆದ್ದೆ ಎಂದುಕೊಂಡೆ. ಆದರೆ ಮರುದಿನ ಬೆಳಿಗ್ಗೆ ನೀರು ಸೇದುವಾಗ ಕಿವಿ ಬಿಕೋ ಎಂದಿತು. ಮದುವೆಯಾದ ದಿನದಿಂದ ನನ್ನನ್ನು ಎಬ್ಬಿಸಿದ್ದೇ ಆ ಕಿರ್ ಕಿರ್. ಅದು ರಾಟೆಯದಲ್ಲ, ಲಿಲ್ಲಿಯದು. ಎರಡು ದಿನ ತಡೆದೆ. ಮೂರನೆಯ ದಿನ ಹಳೆಯ ಬನಿಯನ್ ತೆಗೆದುಕೊಂಡು ಗ್ರೀಸನ್ನೆಲ್ಲ ಒರೆಸಿ ತೆಗೆದೆ. ಪೂರ್ತಿ ಹಿಂದಿನ ಹಾಗಾಗಲಿಲ್ಲ, ಆದರೂ ಸ್ವಲ್ಪ ಕಿರುಗುಟ್ಟಿತು. ಅಷ್ಟು ಸಾಕಾಯಿತು.

ಗಿರಿಜಕ್ಕ ಬೇಲಿಯಾಚೆಯಿಂದ ನೋಡಿ, "ಎಂತ ಲಾರೆನ್ಸಣ್ಣ, ಹಾಕಿದ್ದನ್ನು ಯಾಕೆ ತೆಗೀತಾ ಇದ್ದೀರಿ?" ಎಂದು ಕೇಳಿದರು. ಗಿರಿಜಕ್ಕನ ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುವವರು, ವಾರಗಟ್ಟಲೆ ಮನೆಯಲ್ಲಿರುವುದಿಲ್ಲ. ನನ್ನ ಉತ್ತರಕ್ಕೆ ಕಾಯದೆ ಅವರೇ ತಲೆಯಾಡಿಸಿ ಒಳಗೆ ಹೋದರು. ಆ ಸಂಜೆ ಒಂದು ಬಟ್ಟಲು ಪುನರ್ಪುಳಿ ಹಣ್ಣು ಬೇಲಿಯ ಮೇಲಿತ್ತು. ಸಿಪ್ಪೆ ಬಿಡಿಸಿ, ಸಕ್ಕರೆ ಹಾಕಿ, ಕೆಂಪು ರಸ ಇಳಿಸಿ ಶರಬತ್ತು ಮಾಡಿದೆ. ಗಂಟಲಿಗೆ ತಂಪಾಗಿ ಇಳಿಯಿತು. ಲೋಟ ಎರಡು ತೊಳೆದಿದ್ದೆ, ಅಭ್ಯಾಸಬಲ.

ದಿನವೂ ಸಂಜೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿಯುವ ಹೊತ್ತಿಗೆ ಲಿಲ್ಲಿಯ ವಿಡಿಯೋ ಕಾಲ್ ಬರುತ್ತಿತ್ತು. ಇಲ್ಲಿ ದೀಪ ಹಚ್ಚುವ ಹೊತ್ತು, ಅಲ್ಲಿ ಇನ್ನೂ ಬಿಸಿಲು. ಅವಳು ನೋಡಿಕೊಳ್ಳುವ ಅಜ್ಜಿ ಊಟ ಮಾಡಿ ಮಲಗಿರುತ್ತಿದ್ದರು. "ಊಟ ಆಯ್ತಾ?" "ಆಯ್ತು." "ಮಂಡಿಗೆ ಎಣ್ಣೆ ಹಾಕಿದ್ರಾ?" "ಹಾಕಿದೆ." "ನಿನಗೆ ಹೇಗುಂಟು?" "ನನಗೆ ಎಂತ, ಇಲ್ಲಿ ಎಲ್ಲಾ ಉಂಟು." ಇಷ್ಟೇ ಮಾತು. ನಡುವೆ ಎಲ್ಲೋ ಒಮ್ಮೆ, ಮಾತಿಗೆ ಮಾತು ಸಿಗದಾಗ, ಫೋನು ಮೇಲಕ್ಕೆ ತಿರುಗುತ್ತಿತ್ತು. ಅವಳ ಮುಖ ಹೋಗಿ ಆ ಮನೆಯ ತಾರಸಿಯ ಬಿಳಿ ಒಳಮೈ ಕಾಣುತ್ತಿತ್ತು. ಒಂದು ಗುಂಡು ದೀಪ, ಮೂಲೆಯಲ್ಲಿ ಒಂದು ಸೀಳು. ಮೊದಲು ನೆಟ್‌ವರ್ಕಿನ ತೊಂದರೆ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು. ಅಳು ಬಂದಾಗ ಅವಳು ಫೋನನ್ನು ಮೇಲೆ ತಿರುಗಿಸುತ್ತಾಳೆ. ಆ ಬೇಸಿಗೆಯಲ್ಲಿ ನಾನು ಆ ತಾರಸಿಯನ್ನು ನೋಡಿದಷ್ಟು ನನ್ನ ಮನೆಯ ಹಂಚಿನ ಮಾಡನ್ನೂ ನೋಡಿಲ್ಲ.

ಮೇ ತಿಂಗಳ ಸೆಖೆಗೆ ಮನೆಯೊಳಗೆ ಕೂರಲಾಗದೆ ಒಂದು ಸಂಜೆ ಕಾಪುವಿಗೆ ಹೊರಟೆ. ಬಸ್ಸಿನಲ್ಲಿ ಹಿಂದಿನ ಸೀಟು ಹಿಡಿದೆ, ಬೇಕೆಂದೇ. ಜೀವಮಾನವಿಡೀ ಬೆನ್ನಿಂದ ಕೇಳಿದ ಗಲಾಟೆಯನ್ನು ಒಮ್ಮೆ ಎದುರಿನಿಂದ ನೋಡೋಣ ಎಂದು. ನೋಡಿದರೆ ಎಲ್ಲರೂ ಫೋನು ನೋಡುತ್ತ ಕೂತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಕಾಪುವಿನ ದೀಪಸ್ತಂಭದ ಬಂಡೆಯ ಕೆಳಗೆ ಮರಳಿನಲ್ಲಿ ಕೂತೆ. ಗಾಳಿ ಚೆನ್ನಾಗಿತ್ತು. ಚುರುಮುರಿ ಕಟ್ಟಿಸಿಕೊಂಡೆ. ಸುತ್ತಲೂ ಸಂಸಾರಗಳು, ನೀರಿಗೆ ಹೋಗಬೇಡ ಎಂದು ಮಕ್ಕಳನ್ನು ಕೂಗುವ ತಾಯಂದಿರು. ಆ ಸಮುದ್ರದ ಆಚೆಗೇ ಲಿಲ್ಲಿ ಇದ್ದಾಳೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದರಿಂದ ಏನೂ ಸಮಾಧಾನವಾಗಲಿಲ್ಲ. ಚುರುಮುರಿ ಖಾರ ಹೆಚ್ಚಾಗಿತ್ತು, ಅದನ್ನು ಹೇಳುವುದಕ್ಕೂ ಪಕ್ಕದಲ್ಲಿ ಯಾರೂ ಇರಲಿಲ್ಲ.

ಮನೆಗೆ ಬಂದಾಗ ಕತ್ತಲಾಗಿ ತುಂಬ ಹೊತ್ತಾಗಿತ್ತು. ಫೋನನ್ನು ಚಾರ್ಜಿಗೆ ಹಾಕಿ ಮರೆತುಹೋಗಿದ್ದೆ. ಲಿಲ್ಲಿಯ ಮಿಸ್ ಕಾಲುಗಳು ಸಾಲಾಗಿ ಬಿದ್ದಿದ್ದವು. ಗಿರಿಜಕ್ಕ ಓಡಿ ಬಂದು, "ಎಲ್ಲಿಗೆ ಹೋಗಿದ್ರಿ ಮಾರಾಯ್ರೆ! ಲಿಲ್ಲಿಬಾಯಿ ನನಗೆ ಫೋನ್ ಮಾಡಿ ಬಾವಿ ಹತ್ತಿರ ನೋಡ್ಲಿಕ್ಕೆ ಹೇಳಿದ್ರು," ಎಂದರು. ಅವರು ಹೋದ ಮೇಲೆ ನಾನು ಕಿಟಕಿಯಲ್ಲಿದ್ದ ಬೀಗವನ್ನು ಕೈಗೆತ್ತಿಕೊಂಡೆ. ಸಾಕು ಎನಿಸಿತ್ತು. ಹೆಂಡತಿಯನ್ನು ಪರದೇಶದಲ್ಲಿ ಹೆದರಿಸಿ, ನೆರೆಯವರನ್ನು ಬಾವಿಗೆ ಬಗ್ಗಿಸಿ, ಯಾವ ಸುಖಕ್ಕೆ ಈ ಹಟ? ಅಕ್ಕನ ಮನೆಯಲ್ಲಿ ಬಿಸಿ ಅನ್ನ ಉಂಟು, ಮಾತು ಉಂಟು. ಹೊರಗೆ ಬಂದು, ಬಾಗಿಲೆಳೆದು, ಚಿಲಕಕ್ಕೆ ಬೀಗ ಸಿಕ್ಕಿಸಿ ಒತ್ತಿದೆ. ಟಕ್ ಎಂದಿತು.

ಅಂಗಳದಲ್ಲಿ ನಿಂತು ನೋಡಿದೆ. ನಮ್ಮ ಊರಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಬಣ್ಣ ಚೆನ್ನಾಗಿರುತ್ತದೆ, ಗೇಟು ಚೆನ್ನಾಗಿರುತ್ತದೆ, ಬಾಗಿಲಿಗೆ ಬೀಗ. ದಾರಿಯಲ್ಲಿ ಹೋಗುವವರು "ಅವರು ಹೊರಗೆ ಇದ್ದಾರೆ" ಎನ್ನುತ್ತಾರೆ. ಬಸ್ಸು ಓಡಿಸುವಾಗ ನಾನೂ ಎಷ್ಟೋ ಕಂಡಿದ್ದೇನೆ. ಈಗ ನನ್ನ ಮನೆ ಅವುಗಳಲ್ಲಿ ಒಂದಾಗಿತ್ತು. ಕೀಲಿಕೈ ತಿರುಗಿಸಿ ಬೀಗ ತೆಗೆದು, ಎರಡೂ ಬಾಗಿಲನ್ನು ಹಾರುಹೊಡೆದು, ಎಲ್ಲ ಕೋಣೆಯ ಲೈಟು ಹಾಕಿದೆ.

ಆಗಲೇ ಫೋನು ಬಂತು.

"ಎಲ್ಲಿಗೆ ಹೋಗಿದ್ರಿ?"

"ಕಾಪುವಿಗೆ."

"ಎಂತಕ್ಕೆ?"

"ಸುಮ್ಮನೆ. ಗಾಳಿಗೆ."

"ಒಬ್ರೇ?"

"ಮತ್ತೆ ಯಾರ ಜೊತೆ?"

ಲಿಲ್ಲಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಷ್ಟೇ ಕೇಳಿದಳು: "ಈಗ ಅಲ್ಲಿ ಹಪ್ಪಳದ ಸಮಯ ಅಲ್ವಾ?" ನಾನು ಹೌದು ಎನ್ನುವಷ್ಟರಲ್ಲಿ ಗುಂಡು ದೀಪ, ಮೂಲೆಯ ಸೀಳು.

ಅವಳು ಅಲ್ಲಿಂದ ಏನನ್ನೂ ಕೇಳಿದವಳಲ್ಲ. ಅದೂ ಕೇಳಿದ್ದೇನಲ್ಲ. ಆದರೆ ಮಾಡಬೇಕಾದದ್ದು ಏನೆಂದು ನನಗೆ ಗೊತ್ತಾಯಿತು. ನಮ್ಮ ಇಗರ್ಜಿಯ ರೀಟಾ ಎಂಬಾಕೆ ರಜೆಗೆ ಬಂದವಳು, ಮುಂದಿನ ವಾರದ ಕೊನೆಗೆ ಇಸ್ರೇಲಿಗೆ ಮರಳುವವಳಿದ್ದಳು. ಅವಳ ಕೈಯಲ್ಲಿ ಹಲಸಿನ ಹಪ್ಪಳ ಕಳಿಸಬೇಕು. ಅಂಗಡಿಯದಲ್ಲ, ಈ ಮನೆಯದು.

ಹಪ್ಪಳ ಮಾಡುವುದನ್ನು ನಾನು ಪ್ರತಿ ವರ್ಷ ನೋಡಿದ್ದೆ. ನೋಡುವುದೆಂದರೆ ಹಾದುಹೋಗುವಾಗ ಹಿಟ್ಟಿನ ಉಂಡೆ ಕದ್ದು ಬಾಯಿಗೆ ಹಾಕಿಕೊಳ್ಳುವುದು. ಶನಿವಾರ ಸಂಜೆ ಹಿತ್ತಿಲಿನ ಮರದಿಂದ ಒಂದು ದೊಡ್ಡ ಹಲಸಿನಕಾಯಿ ಇಳಿಸಿದೆ. ಆ ಮರದಲ್ಲಿ ಕೈಗೆ ಸಿಗುವಷ್ಟು ಕೆಳಗಿದ್ದದ್ದು ಅದೊಂದೇ. ಬಲಿತಿತ್ತು, ಹಣ್ಣಾಗಿರಲಿಲ್ಲ, ಹಪ್ಪಳಕ್ಕೆ ಹೇಳಿ ಮಾಡಿಸಿದ ಕಾಯಿ. ಮರುದಿನ ಆದಿತ್ಯವಾರ. ಆದಿತ್ಯವಾರ ಒನಕೆ ಮುಟ್ಟುವಂತಿಲ್ಲ ಎನ್ನುವುದು ಲಿಲ್ಲಿಯ ಕಟ್ಟುನಿಟ್ಟು. ಇಗರ್ಜಿಯ ಪೂಜೆಗೆ ಹೋಗಬೇಕು, ಉಣ್ಣಬೇಕು, ಮಲಗಬೇಕು. ಕುಟ್ಟುವುದು, ಅರೆಯುವುದು, ಒಗೆಯುವುದು ಎಲ್ಲ ಸೋಮವಾರಕ್ಕೆ. ಹಾಗಾಗಿ ಕಾಯಿಯನ್ನು ಅಡುಗೆಮನೆಯ ಮೂಲೆಯಲ್ಲಿಟ್ಟು ಪೂಜೆಗೆ ಹೋದೆ, ಉಂಡೆ, ಮಲಗಿದೆ.

ಸೋಮವಾರ ಬೆಳಿಗ್ಗೆ ಕೈಗೂ ಕತ್ತಿಗೂ ಎಣ್ಣೆ ಹಚ್ಚಿಕೊಂಡು ಕಾಯಿ ಸೀಳಿದೆ. ಎಷ್ಟು ಎಣ್ಣೆ ಹಚ್ಚಿದರೂ ಮೇಣ ಮೊಣಕೈವರೆಗೆ ಹತ್ತಿತು, ಮೀಸೆಗೂ ಹತ್ತಿತು. ಸೊಳೆ ಬಿಡಿಸುವಾಗ ಗಿರಿಜಕ್ಕ ಬೇಲಿಯ ಬಳಿ ನಿಂತು ಮೂಗರಳಿಸಿದರು. "ಸ್ವಲ್ಪ ಸಿಹಿ ವಾಸನೆ ಬರ್ತದಲ್ವಾ ಲಾರೆನ್ಸಣ್ಣ?"

"ನಿಮ್ಮ ಮಾವಿನ ಮರದ್ದು," ಎಂದೆ ನಾನು.

ಬೇಯಿಸಿದೆ. ಉಪ್ಪು, ಒಣಮೆಣಸಿನ ಪುಡಿ, ಜೀರಿಗೆ ಹಾಕಿ ಒರಳಿನಲ್ಲಿ ಕುಟ್ಟಿದೆ. ಬೆವರು ಹಿಟ್ಟಿಗೆ ಬೀಳದ ಹಾಗೆ ತಲೆಗೆ ಬೈರಾಸು ಕಟ್ಟಿಕೊಂಡಿದ್ದೆ. ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಮಣೆಯಿಂದ ಒತ್ತಿದೆ. ಮೊದಲನೆಯದು ನಮ್ಮ ತಾಲೂಕಿನ ನಕ್ಷೆಯ ಹಾಗೆ ಬಂತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ದುಂಡಗೆ ಬರತೊಡಗಿತು. ಅಂಗಳದಲ್ಲಿ ಚಾಪೆ ಹಾಸಿ ಒಂದೊಂದಾಗಿ ಹರವಿದೆ. ಕಾಗೆ ಬರಬಾರದೆಂದು ನನ್ನ ಹಳೆಯ ಖಾಕಿ ಅಂಗಿಯನ್ನು ಕೋಲಿಗೆ ಸಿಕ್ಕಿಸಿ ನಿಲ್ಲಿಸಿದೆ. ಗಾಳಿಗೆ ಚಾಪೆ ಮಡಚಿಕೊಳ್ಳುತ್ತಿತ್ತು. ಮೂರು ಮೂಲೆಗೆ ಕಲ್ಲು ಸಿಕ್ಕಿತು, ನಾಲ್ಕನೆಯದಕ್ಕೆ ಕೈಗೆ ಸಿಕ್ಕಿದ್ದು ಅಕ್ಕನ ಬೀಗ. ಇಟ್ಟೆ.

ಎಷ್ಟೋ ವರ್ಷಗಳ ನಂತರ ಅಂಗಳದಲ್ಲಿ ನಾನು ಮಾಡಿದ ಒಂದು ವಸ್ತು ಬಿಸಿಲಿಗೆ ಒಣಗುತ್ತಿತ್ತು. ಬಸ್ಸು ಎಷ್ಟು ಓಡಿಸಿದರೂ ಸಂಜೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ, ಹೊರಟಲ್ಲಿಗೇ ವಾಪಸು. ಇಲ್ಲಿ ಮುಟ್ಟಿ ನೋಡಬಹುದಾದದ್ದೊಂದು ಇತ್ತು. ಜಗಲಿಯಲ್ಲಿ ಕೂತು ಹಗಲಿಡೀ ಕಾವಲು ಕಾದೆ. ಮೋಡ ಕಂಡರೆ ಎದ್ದು ನಿಲ್ಲುತ್ತಿದ್ದೆ, ಗುಡುಗಿದರೆ ಮಂಡಿ ನೋವು ಮರೆತು ಓಡುತ್ತಿದ್ದೆ. ಒಣಗಿದ ಮೇಲೆ ಹಪ್ಪಳಗಳು ಹೊಂಬಣ್ಣಕ್ಕೆ ತಿರುಗಿದವು. ಒಂದನ್ನು ಕರಿದು ರುಚಿ ನೋಡಬೇಕಿತ್ತು, ಬೇರೆ ಯಾರಾದರೂ ಆಗಿದ್ದರೆ ನೋಡುತ್ತಿದ್ದರು. ನಾನು ನೋಡಲಿಲ್ಲ. ಮೊದಲನೆಯದು ಅವಳದೇ ಆಗಬೇಕು ಎಂದು ಹಟ. ಬಾಳೆಯ ಹಗ್ಗದಲ್ಲಿ ಕಟ್ಟಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ರೀಟಾಳ ಮನೆಗೆ ಕೊಟ್ಟು ಬಂದೆ.

ಕಟ್ಟು ಲಿಲ್ಲಿಯ ಕೈ ಸೇರುವಾಗ ಜೂನ್ ಬಂದಿತ್ತು. ರೀಟಾ ಇದ್ದ ಊರು ಬೇರೆ, ಲಿಲ್ಲಿಯದು ಬೇರೆ. ಇಬ್ಬರಿಗೂ ಒಟ್ಟಿಗೆ ರಜೆ ಸಿಗಬೇಕಿತ್ತು. ಆ ಸಂಜೆ ಇಲ್ಲಿ ಗಾಳಿ ನಿಂತುಹೋಗಿತ್ತು, ಮೈಯೆಲ್ಲ ಅಂಟಂಟು. ಫೋನಿನಲ್ಲಿ ಲಿಲ್ಲಿಯ ಮುಖ ಯಾವತ್ತಿಗಿಂತ ಹತ್ತಿರ ಬಂತು.

"ಅಜ್ಜಿ ಮಲಗಿದ್ದಾರೆ. ಈಗ ಕರೀತೇನೆ, ನೋಡ್ತಾ ಇರಿ," ಎಂದು ಫೋನನ್ನು ಒಂದು ಬಾಟಲಿಗೆ ಒರಗಿಸಿಟ್ಟಳು. ಅವಳ ಕೈ, ಒಲೆ, ಬಾಣಲೆ. ಮೂಗಿಗೆ ಹಿಡಿದು ಹಪ್ಪಳದ ವಾಸನೆ ನೋಡಿದಳು. ಎಣ್ಣೆಗೆ ಬಿಟ್ಟಳು.

ಹಪ್ಪಳ ಅರಳಿತು. ಅರಳಿ, ನಾನು ನೋಡುತ್ತಿದ್ದಂತೆ, ಕೆಂಪಾಯಿತು. ಹೊಂಬಣ್ಣವಲ್ಲ, ಹಂಚಿನ ಹಾಗೆ ಕೆಂಪು. ಇನ್ನೊಂದು ಬಿಟ್ಟಳು, ಅದೂ ಹಾಗೇ. ಹಣ್ಣಾಗತೊಡಗಿದ ಕಾಯಿಯ ಹಪ್ಪಳ ಮಾತ್ರ ಹೀಗೆ ಕೆಂಪಾಗುತ್ತದೆ. ಅಷ್ಟು ನನಗೂ ಗೊತ್ತಿತ್ತು. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಇಷ್ಟು ದೂರ, ವಿಮಾನದಲ್ಲಿ, ಕೆಟ್ಟ ಹಪ್ಪಳ ಕಳಿಸಿದ್ದೆ.

ಲಿಲ್ಲಿ ಒಲೆ ಆರಿಸಿ ಫೋನಿನ ಎದುರು ಬಂದಳು. "ಗಿರಿಜಕ್ಕ ಹೇಳಿದ್ರು. ಶನಿವಾರ ಇಳಿಸಿ ಸೋಮವಾರ ಮಾಡಿದ್ದಾ?"

"ಹೌದು."

"ನಡುವೆ ಒಂದು ದಿನ ಯಾಕೆ ಬಿಟ್ರಿ?"

"ನೀನೇ ಹೇಳಿದ್ದಲ್ವಾ, ಆದಿತ್ಯವಾರ ಒನಕೆ ಮುಟ್ಬಾರ್ದು ಅಂತ."

ಅವಳು ನಕ್ಕಳು. ಹೋದ ಮೇಲೆ ಮೊದಲ ಬಾರಿ, ಬಾಯ್ತುಂಬ, ಅಜ್ಜಿ ಏಳಬಾರದೆಂದು ಸೆರಗಿನ ಬದಲು ಏಪ್ರನ್ ಬಾಯಿಗೆ ಒತ್ತಿಕೊಂಡು ನಕ್ಕಳು. "ಅಯ್ಯೋ ದೇವರೇ! ನಾನಿಲ್ಲದಿದ್ರೂ?" ಎಂದಳು.

ನಗು ಅಲ್ಲಿಗೇ ನಿಂತಿತು. ಆ ಮಾತು ಅವಳಿಗೇ ತಿರುಗಿ ಕೇಳಿಸಿರಬೇಕು. ಫೋನು ಮೇಲಕ್ಕೆ ತಿರುಗಿತು. ಗುಂಡು ದೀಪ, ಮೂಲೆಯ ಸೀಳು. ಅದರ ಕೆಳಗಿನಿಂದ ಎಲ್ಲಿಂದಲೋ ಕರಕರ ಸದ್ದು ಬಂತು. ತಿನ್ನುತ್ತಿದ್ದಳು. ಅಳುತ್ತ ತಿನ್ನುತ್ತಿದ್ದಳು. ಎಂದೂ ಹಾಗೆ ಮಾಡದ ನಾನು, ಅವತ್ತು ನನ್ನ ಫೋನನ್ನೂ ಮೇಲಕ್ಕೆ ತಿರುಗಿಸಿದೆ. ಅವಳ ಪಾಲಿಗೆ ಈಗ ಈ ಮನೆಯ ಹಂಚಿನ ಮಾಡು ಮಾತ್ರ. ನನ್ನ ಮುಖ ಅವಳಿಗೆ ಕಾಣುವುದು ಬೇಡವಾಗಿತ್ತು.

ಹಾಗೆ ಎಷ್ಟು ಹೊತ್ತು ಇದ್ದೆವೋ. ಮೊದಲು ಒಂದು ಹನಿ ಹಂಚಿಗೆ ಟಪ್ ಎಂದಿತು. ಮತ್ತೊಂದು. ಆಮೇಲೆ ಗಾಳಿ ಎದ್ದು, ಹಿತ್ತಿಲಿನ ತೆಂಗಿನ ಗರಿಗಳು ಬಡಿದಾಡಿ, ಒಮ್ಮೆಲೇ ಮಾಡಿನ ಮೇಲೆ ಧೋ ಎಂದಿತು.

"ಅದೆಂತ ಶಬ್ದ?" ಎಂದಿತು ತಾರಸಿ.

"ಮಳೆ."

"ನಮ್ಮ ಮಾಡಿನ ಮೇಲಾ?"

"ಹೌದು."

"ಬಾಗಿಲು?"

"ತೆರೆದೇ ಉಂಟು. ಇರ್ಚಲು ಒಳಗೆ ಬರ್ತಾ ಉಂಟು."

"ಬರಲಿ. ಫೋನನ್ನು ಹಾಗೇ ಹಿಡೀರಿ," ಎಂದಳು. ಕೈ ಸೋಲುವವರೆಗೆ ಹಿಡಿದಿದ್ದೆ.

ಅಕ್ಕ ಮರುವಾರ ಕೊಡೆ ಹಿಡಿದು ಬಂದಳು. ಅಡುಗೆಮನೆ ನೋಡಿದಳು, ಪಾತ್ರೆ ನೋಡಿದಳು, ಕಾಲರು ನೋಡಿದಳು. ಉಳಿದಿದ್ದ ನಾಲ್ಕು ಹಪ್ಪಳ ಕರಿದು ಕೊಟ್ಟೆ. "ಇದೆಂತ ಮಾರಾಯ, ಕೆಂಪು?" ಎಂದಳು. ತಿಂದಳು. ಬೀಗದ ಸುದ್ದಿ ಎತ್ತಲಿಲ್ಲ. ಹೋಗುವಾಗ ನನ್ನ ಬೆನ್ನಿಗೊಂದು ಗುದ್ದಿ, ಮೆಟ್ಟಿಲಿಳಿದು ಹೋದಳು.

ಆಮೇಲೂ ಬೇಸಿಗೆಗಳು ಬಂದವು, ನಾಲ್ಕಾರು, ಒಬ್ಬನದೇ. ಅವೆಲ್ಲ ಒಂದರ ಮೇಲೊಂದು ಬಿದ್ದು ಈಗ ಯಾವುದು ಯಾವುದೆಂದು ನೆನಪಿಲ್ಲ. ಲಿಲ್ಲಿ ಕೆಲಸ ಮುಗಿಸಿ ಬಂದು ಕಾಲವಾಯಿತು. ಈಗ ಮಗಳ ಬಾಣಂತನಕ್ಕೆಂದು ಗೋವಾಕ್ಕೆ ಹೋಗಿದ್ದಾಳೆ, ಮಳೆಗೆ ಮುಂಚೆ ಬರುತ್ತೇನೆ ಎಂದಿದ್ದಾಳೆ. ಕೆಲವೇ ವಾರ, ನನಗೂ ಗೊತ್ತು. ಆದರೂ ನಿನ್ನೆ ಲೋಟ ಇಟ್ಟಲ್ಲೇ ಇತ್ತು.

ಸೊಳೆ ತಣಿಯಿತು, ಕುಟ್ಟಬೇಕು. ಅಂಗಳದಲ್ಲಿ ಚಾಪೆ ಹಾಸಿ ಬಂದಿದ್ದೇನೆ. ಮೂರು ಮೂಲೆಗೆ ಕಲ್ಲು, ನಾಲ್ಕನೆಯದಕ್ಕೆ ಅದೇ ಬೀಗ. ಹಿತ್ತಾಳೆ ಕಪ್ಪಗಾಗಿದೆ. ಅದರ ಕೀಲಿಕೈ ಎಲ್ಲಿ ಹೋಯಿತೋ ಗೊತ್ತಿಲ್ಲ, ನಾನು ಹುಡುಕಲೂ ಇಲ್ಲ.